ಗಾಳ ಹಾಕುವುದೂ ಒಂದು ವಿದ್ಯೆ

ಕಾರ್ತಿಕ ಮಾಸ ಕಾಲಿಡುತ್ತಿದ್ದಂತೆ ಬೇಲೂರಿನ ಬಳಿ ಯಗಚಿಯ ಬಣ್ಣ ಬದಲಾಗುತ್ತದೆ. ಮಳೆಗಾಲದುದ್ದಕ್ಕೂ ಬಾಬಾಬುಡನ್ ಗಿರಿಯ ಕಡೆಯಿಂದ ಕೆಮ್ಮಣ್ಣು ಹೊತ್ತು ತಂದ ನೀರು ನಿಧಾನವಾಗಿ ತಿಳಿಯಾಗಿ, ತಳದ ಕಲ್ಲುಗಳು ಕಾಣತೊಡಗುತ್ತವೆ. ಮಳೆ ಚೆನ್ನಾಗಿ ಆದ ವರ್ಷ ಹಳೇಬೀಡಿನ ದ್ವಾರಸಮುದ್ರವೂ ಅರಸೀಕೆರೆಯ ಕೆರೆಯೂ ಈ ಹೊತ್ತಿಗೆ ತುಂಬಿ ನಿಂತಿರುತ್ತವೆ. ಬಿದಿರು ಕೋಲು, ದಾರ, ಬೆಂಡು, ಎರೆಹುಳುವಿನ ಡಬ್ಬಿ ಹಿಡಿದ ಹುಡುಗರು ದಡ ಸೇರುವ ಕಾಲವೂ ಇದೇ. ಮನೆಯಲ್ಲಿ ಮಾತ್ರ ಬೈಗುಳ ತಪ್ಪದು: ‘ಪುಸ್ತಕ ಹಿಡಿ ಅಂದರೆ ಗಾಳ ಹಿಡಿದು ಕೂತೆಯಲ್ಲೋ!’

ತಂದೆ ತಾಯಿಯರ ಸಿಟ್ಟಿನಲ್ಲಿ ತಪ್ಪೇನಿಲ್ಲ. ಪರೀಕ್ಷೆಯೂ ಹತ್ತಿರ, ಕೆರೆಯೂ ಆಳ. ಆದರೆ ಗಾಳಕ್ಕೂ ಪುಸ್ತಕಕ್ಕೂ ಕನ್ನಡ ನಾಡಿನಲ್ಲಿ ಬಹಳ ಹಳೆಯ ನಂಟಿದೆ. ಅದನ್ನು ತಿಳಿದರೆ ಹುಡುಗರ ಕೈಗೆ ಗಾಳದ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಕೊಡಬೇಕೆನಿಸೀತು.

ಅರಸ ಬರೆದ ಪಾಠ

ಬೇಲೂರಿನಲ್ಲಿ ಹೊಯ್ಸಳ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಆಗ ಹೊಯ್ಸಳರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದಾಗಿ ಹತ್ತು ಹದಿನೈದು ವರ್ಷಗಳಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಇಂದು ಬೀದರ್ ಜಿಲ್ಲೆಯ ಬಸವಕಲ್ಯಾಣ ಎಂದು ಕರೆಯುವ ಊರಿನಿಂದ ಆಳುತ್ತಾ, ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥ ರಚಿಸಿದ. ಒಟ್ಟು 100 ಅಧ್ಯಾಯ. ರಾಜನೀತಿ, ವೈದ್ಯ, ಅಡುಗೆ, ಸಂಗೀತ, ಆನೆ, ಕುದುರೆ ಎಲ್ಲವೂ ಅದರಲ್ಲಿವೆ. ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬುದೂ ಒಂದು. ಗಾಳ ಹಾಕಿ ಮೀನು ಹಿಡಿಯುವುದರ ಪಾಠವೇ ಅದು.

ಸುಮಾರು 35 ಬಗೆಯ ಮೀನುಗಳನ್ನು ದೊರೆ ಹೆಸರಿಸುತ್ತಾನೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಕೊಕ್ಕೆ ಹೇಗಿರಬೇಕು, ಮೀನು ಕಚ್ಚಿದ ಮೇಲೆ ಅದನ್ನು ದಣಿಸಿ ದಡಕ್ಕೆ ತರುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ನೋಡಿದ್ದನ್ನು ಸಾಲಾಗಿ ಜೋಡಿಸಿ ಬರೆದಿಟ್ಟಿರುವ ಈ ಕ್ರಮವನ್ನೇ ಇಂದು ಶಾಲೆಯಲ್ಲಿ ವರ್ಗೀಕರಣ ಎಂದು ಕಲಿಸುತ್ತೇವೆ. ಭಾರತದ ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಕೃತಿ ಅಚ್ಚಾದದ್ದು 1496ರಲ್ಲಿ. ಆ ಹೊತ್ತಿಗೆ ಸೋಮೇಶ್ವರನ ಗ್ರಂಥಕ್ಕೆ ಮುನ್ನೂರೈವತ್ತು ವರ್ಷಗಳ ಮೇಲಾಗಿತ್ತು.

ತಣ್ಣೀರಿನ ಟ್ರೌಟ್, ಗರಿಯ ನೊಣ

ಆ ಇಂಗ್ಲಿಷ್ ಕೃತಿಯಲ್ಲಿ ಒಂದು ವಿಶೇಷವಿದೆ. ಯಾವ ತಿಂಗಳಿಗೆ ಎಂಥ ನೊಣವನ್ನು ಗಾಳಕ್ಕೆ ಕಟ್ಟಬೇಕು ಎಂದು 12 ಬಗೆ ಹೇಳಿದೆ. ನಿಜವಾದ ನೊಣವಲ್ಲ, ಉಣ್ಣೆ, ರೇಷ್ಮೆ, ಹಕ್ಕಿಯ ಗರಿ ಸುತ್ತಿ ಕೊಕ್ಕೆಯ ಮೇಲೆ ಮಾಡಿದ ಹುಸಿ ನೊಣ. ತಂಪು ದೇಶಗಳ ಟ್ರೌಟ್ ಮೀನನ್ನು ಹಿಡಿಯುವ ವಿಧಾನ ಇದು. ಮೆಸಿಡೋನಿಯಾದ ಜನ ಕೆಂಪು ಉಣ್ಣೆ ಮತ್ತು ಹುಂಜದ ಗರಿಯಿಂದ ಹೀಗೆ ಮಾಡುತ್ತಿದ್ದರೆಂದು ಏಲಿಯನ್ ಎಂಬ ಲೇಖಕ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ.

ನಮ್ಮ ಗಾಳದಲ್ಲಿ ತೂಕವಿರುವುದು ತುದಿಯ ಸೀಸದಲ್ಲಿ. ಗರಿಯ ನೊಣಕ್ಕೋ ತೂಕವೇ ಇಲ್ಲ. ಅದಕ್ಕಾಗಿ ದಾರವನ್ನೇ ದಪ್ಪವಾಗಿ, ಭಾರವಾಗಿ ಮಾಡಿರುತ್ತಾರೆ. ಬಾಗುವ ಉದ್ದ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ನೊಣ ಅದರ ಹಿಂದೆಯೇ ಹಾರಿ ನೀರಿನ ಮೇಲೆ ಹಗುರವಾಗಿ ಇಳಿಯುತ್ತದೆ.

ಮಳೆ ಬಿದ್ದ ಸಂಜೆ ಈಸಲು ಎದ್ದಾಗ ನಮ್ಮ ಕೆರೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಹಾಕುವುದನ್ನು ನೀವು ನೋಡಿರಬಹುದು. ಟ್ರೌಟ್ ಹೊಳೆಯಲ್ಲೂ ಹೀಗೆಯೇ. ಕಲ್ಲಿನಡಿ ತಿಂಗಳುಗಟ್ಟಲೆ ಮರಿಯಾಗಿ ಬೆಳೆದ ಕೀಟಗಳು ರೆಕ್ಕೆ ಮೂಡಿ ಮೇಲೇಳುತ್ತವೆ. ಕೆಲವು ಬದುಕುವುದು ಒಂದೇ ದಿನ. ಶರತ್ಕಾಲದ ಕೊನೆಯಲ್ಲಿ ಅಲ್ಲಿ ಚಳಿ ಏರಿ, ದೊಡ್ಡ ಕೀಟಗಳು ಮುಗಿದು ಗುಂಗುರಿನಂಥ ಸಣ್ಣವು ಉಳಿಯುತ್ತವೆ. ಆಗ ಗಾಳದವನೂ ಸಾಸಿವೆ ಕಾಳಿನಷ್ಟು ಸಣ್ಣ ನೊಣ ಕಟ್ಟಬೇಕು. ಬೆಳಗಿನ ಜಾವ ಬಿಟ್ಟು, ನೀರು ಸ್ವಲ್ಪ ಬೆಚ್ಚಗಾಗುವ ನಡುಮಧ್ಯಾಹ್ನದವರೆಗೆ ಕಾಯಬೇಕು. ಕಂದು ಟ್ರೌಟ್ ಮೊಟ್ಟೆ ಇಡುವ ಕಾಲವೂ ಅದೇ ಆದ್ದರಿಂದ ಹಲವು ಹೊಳೆಗಳಲ್ಲಿ ಅಷ್ಟು ಹೊತ್ತಿಗೆ ಗಾಳವನ್ನೇ ನಿಷೇಧಿಸಿರುತ್ತಾರೆ. ಕೈಚಳಕಕ್ಕಿಂತ ಹೊಳೆಯನ್ನು ಓದಬಲ್ಲ ಕಣ್ಣು ಇಲ್ಲಿ ಮುಖ್ಯ.

ಯಗಚಿಯಲ್ಲಿ ಟ್ರೌಟ್ ಏಕಿಲ್ಲ? ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಕಷ್ಟ ಶುರು. ನಮಗೆ ಹತ್ತಿರದಲ್ಲಿ ಟ್ರೌಟ್ ನೆಲೆಸಿದ್ದು ನೀಲಗಿರಿಯ ಎತ್ತರದ ಹೊಳೆಗಳಲ್ಲಿ. ಅಲ್ಲಿಗೂ ಅದನ್ನು ಹೊರಗಿನಿಂದಲೇ ತಂದದ್ದು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿ ಬೆಳೆಸಿ ಯಶಸ್ವಿಯಾದರು.

ಕಾವೇರಿಯ ಬಿಳಿ ಮೀನು

ಟ್ರೌಟ್ ಇಲ್ಲವೆಂದು ಕೊರಗಬೇಕಿಲ್ಲ. ಯಗಚಿ ಗೊರೂರಿನ ಬಳಿ ಹೇಮಾವತಿಯನ್ನೂ, ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನೂ ಸೇರುತ್ತದೆ. ಆ ಕಾವೇರಿಯಲ್ಲಿ ಜಗತ್ತಿನ ಗಾಳಗಾರರೆಲ್ಲ ಹಂಬಲಿಸಿದ ಮೀನಿದೆ. ಅದೇ ಮಹಶೀರ್, ನಮ್ಮವರು ಕರೆಯುವ ಬಿಳಿ ಮೀನು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಭಾರತದ ಗಾಳದ ಮೀನುಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಕಾವೇರಿಯಲ್ಲಿ ಅದಕ್ಕೆ ಹಾಕುತ್ತಿದ್ದ ಆಮಿಷ ಏನು ಗೊತ್ತೇ? ರಾಗಿ ಹಿಟ್ಟಿನ ಉಂಡೆ!

ಈ ನದಿಯ ಮೂಲನಿವಾಸಿ ಬೆನ್ನು ಗೂನಾದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಮಹಶೀರ್. 1970ರ ದಶಕದಿಂದ ಇನ್ನೊಂದು ಜಾತಿಯ, ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿ ತಂದು ಕಾವೇರಿಗೆ ಬಿಡಲಾಯಿತು. ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಬಿಟ್ಟದ್ದು.

ಲೆಕ್ಕದ ಪುಸ್ತಕ ಹೇಳಿದ ಗುಟ್ಟು

ಸಂಗಮದಿಂದ ಕೆಳಗೆ ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೇ ಬಿಡುವ ಪದ್ಧತಿ ಇತ್ತು. ಕಾವೇರಿ ವನ್ಯಧಾಮದಲ್ಲಿ ಆಮೇಲೆ ಗಾಳವೇ ನಿಂತಿತು. ಆದರೆ 1998ರಿಂದ 2012ರವರೆಗಿನ ದಾಖಲೆ ಉಳಿಯಿತು: ಸುಮಾರು 23,600 ಗಂಟೆಗಳ ಗಾಳ, 6,100ಕ್ಕೂ ಹೆಚ್ಚು ಮಹಶೀರ್.

ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದ ವಿಜ್ಞಾನಿಗಳು ಈ ಲೆಕ್ಕ ಬಿಡಿಸಿದರು. ಮೊದಲ ನೋಟಕ್ಕೆ ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ಸಿಕ್ಕ ಮೀನಿನ ಸಂಖ್ಯೆ ಏರಿತ್ತು. ಆದರೆ ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ವಿರಳವಾಗುತ್ತಾ, ಅದರ ಮರಿಗಳೂ ಕಾಣದಂತಾಗಿ, ಅಳಿವಿನತ್ತ ಸಾಗಿತ್ತು. ಬರೀ ಒಟ್ಟು ಸಂಖ್ಯೆ ನೋಡಿದ್ದರೆ ಎಲ್ಲವೂ ಸರಿಯಿದೆ ಎಂದೇ ನಂಬುತ್ತಿದ್ದೆವು.

ಇನ್ನೊಂದು ವಿಚಿತ್ರ ಕೇಳಿ. ಇಷ್ಟು ಪ್ರಸಿದ್ಧವಾದ ಈ ಮೀನಿನ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆ ಎಂದು ತಿಳಿಯಿತು. ಹೆಸರಿಲ್ಲದ ಜೀವಿಗೆ ಅಳಿವಿನಂಚಿನ ಪಟ್ಟಿಯಲ್ಲಿ ಜಾಗ ಸಿಗುವುದು ಕಷ್ಟ. ಹೆಸರು ಸಿಕ್ಕ ಅದೇ ವರ್ಷ ಅದು ಅತಿ ಗಂಡಾಂತರದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿ ಸೇರಿತು.

ದಡಕ್ಕೆ ಹೋಗುವ ಮುನ್ನ

ಹಾಗಾದರೆ ಮಕ್ಕಳನ್ನು ಗಾಳಕ್ಕೆ ಕಳಿಸಬಹುದೇ? ಒಬ್ಬಂಟಿಯಾಗಿ ಬೇಡ, ಈಜು ಬಲ್ಲ ಹಿರಿಯರು ಜೊತೆಗಿರಲಿ. ತುಂಬಿದ ಕೆರೆಯ ಕೋಡಿ, ಅಣೆಕಟ್ಟೆಯ ತೂಬಿನ ಬಳಿ ಸುಳಿಯಲೇಬಾರದು. ಅನೇಕ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಆದ್ದರಿಂದ ಪಂಚಾಯಿತಿ ಅಥವಾ ಮೀನುಗಾರಿಕೆ ಇಲಾಖೆಯನ್ನು ಕೇಳಿ ಮುಂದುವರಿಯಿರಿ.

ಗಾಳವೇ ಬೇಡವೆನ್ನುವವರಿಗೂ ದಾರಿಯಿದೆ. ನಮ್ಮ ಜಿಲ್ಲೆಯದೇ ಆದ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ಮೆಟ್ಟಿಲ ಬಳಿ, ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದ ಮಹಶೀರ್‌ಗಳಿವೆ. ಶಾಲಾ ಪ್ರವಾಸ ಬೇಲೂರು, ಹಳೇಬೀಡಿಗೆ ಮುಗಿಯದೆ ಅಲ್ಲಿಯವರೆಗೂ ಸಾಗಲಿ. ರೆಕ್ಕೆಯ ಬಣ್ಣ ನೋಡಿ ಗುರುತಿಸಲು ಮಕ್ಕಳಿಗೆ ಹೇಳಿ.

ಊರ ಕೆರೆಗೆ ಹೋಗುವ ವಿದ್ಯಾರ್ಥಿ ಪ್ರತಿಸಲವೂ ಐದು ಸಂಗತಿ ಬರೆಯಲಿ: ದಿನಾಂಕ, ನೀರಿನ ಬಣ್ಣ, ಕಂಡ ಕೀಟ, ಸಿಕ್ಕ ಮೀನು, ಅದರ ಉದ್ದ. ಕೊರವ, ಗೆಂಡೆ, ಜಿಲೇಬಿ, ಯಾವುದಾದರೂ ಸರಿ, ಊರಿನವರು ಕರೆಯುವ ಹೆಸರನ್ನೇ ಬರೆಯಲಿ. ಏನೂ ಸಿಗದ ದಿನ ‘ಏನೂ ಇಲ್ಲ’ ಎಂದು ಬರೆಯುವುದನ್ನು ಮರೆಯಬಾರದು. ಗಾಳಿಬೋರೆಯ ಲೆಕ್ಕ ನಿಂತದ್ದೂ ಮೀನು ಸಿಗದ ಗಂಟೆಗಳನ್ನು ಬಿಡದೆ ಎಣಿಸಿದ್ದರಿಂದಲೇ. ಹತ್ತು ವರ್ಷ ಹೀಗೆ ತುಂಬಿದ ಪುಸ್ತಕವೊಂದು ಅರಸೀಕೆರೆಯ ಯಾವುದೋ ಶಾಲೆಯ ಬೀರುವಿನಲ್ಲಿದ್ದರೆ, ನಮ್ಮ ಕೆರೆಗಳಲ್ಲಿ ಯಾವ ಮೀನು ಉಳಿಯಿತು, ಯಾವುದು ಹೋಯಿತು ಎಂದು ಕೇಳಿದವರಿಗೆ ಉತ್ತರ ಅಲ್ಲೇ ಸಿಗುತ್ತದೆ.