ಸಮುದ್ರ ಸೇರೋ ಕಾವೇರಿ ನೀರು ದಂಡವೇ?

ಲೊಕ್ಕನಹಳ್ಳಿ: ಕಾವೇರಿ ತುಂಬಿ ಹರಿದಾಗ ‘ನೀರೆಲ್ಲಾ ಸಮುದ್ರಕ್ಕೆ ಹೋಗಿ ದಂಡ ಆಯ್ತು’ ಅನ್ನೋ ಮಾತು ನಮ್ಮ ಅಂಗಡಿ ಜಗಲಿಗಳಲ್ಲಿ ಕೇಳಿಬರುತ್ತೆ. ಆದ್ರೆ ಆ ನೀರಿಗೆ ಕೊನೇಲಿ ಇನ್ನೊಂದು ಕೆಲಸ ಇದೆ.

ಹನೂರು ತಾಲೂಕಿನ ಅಂಚಿನಲ್ಲಿ ಹರಿಯುವ ಕಾವೇರಿ ಮುಂದೆ ತಮಿಳುನಾಡಿನಲ್ಲಿ ಹಲವು ಕವಲಾಗುತ್ತದೆ. ಕೋರೈಯಾರ್, ಪಾಮಣಿಯಾರ್ ಮುಂತಾದ ಕವಲುಗಳು ಮುತ್ತುಪೇಟೆ ಬಳಿಯ ಉಪ್ಪುನೀರಿನ ಸರೋವರ ಸೇರುತ್ತವೆ. ಸರೋವರಕ್ಕೂ ಕಡಲಿಗೂ ನಡುವೆ ಮರಳದಿಬ್ಬ. ಅದರ ನಡುವಿನ ಬಾಯಿಯಿಂದ ಕಡಲ ನೀರು ಒಳಬರುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಸಿಹಿನೀರು ಬೆರೆತು ಉಪ್ಪು ತಗ್ಗುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಏರುತ್ತದೆ, ಒಲೆ ಮೇಲೆ ಬಿಟ್ಟ ಸಾರು ಬತ್ತಿದಷ್ಟೂ ಉಪ್ಪಾಗೋ ಹಾಗೆ.

ಈ ಬೆರಕೆ ನೀರಲ್ಲೇ ಸಿಗಡಿ, ಮೀನುಮರಿ ಬೆಳೆಯೋದು. ಮ್ಯಾಂಗ್ರೋವ್ ಮರಗಳ ಬೇರು ಅವಕ್ಕೆ ಆಸರೆ. ಸಿಹಿನೀರು ಕಡಿಮೆಯಾದಂತೆ ಹೆಚ್ಚು ಉಪ್ಪು ತಡೆಯುವ ಉಪ್ಪಟ್ಟಿ ಮರವೇ ಅಲ್ಲಿ ತುಂಬಿಕೊಂಡಿದೆ. ಬೇರೆ ಜಾತಿಗಳು ವಿರಳ. ಮುತ್ತುಪೇಟೆಯೂ ಸೇರಿದ ಕೋಡಿಯಕ್ಕರೈ ಜೌಗು ಪ್ರದೇಶಕ್ಕೆ 2002ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿದೆ.

ನಮ್ಮ ಹೊಲಕ್ಕೂ ನೀರು ಬೇಕು, ನಿಜ. ಆದ್ರೆ ‘ದಂಡ’ ಅಂದ ನೀರಲ್ಲಿ ಅಲ್ಲಿನ ಮೀನುಗಾರರ ಅನ್ನವೂ ಇದೆ.