ಸ್ಪ್ಯಾನಿಷ್ ಪದವಿ: ಕರಾವಳಿಯ ವಿದ್ಯಾರ್ಥಿಗೆ ದಾರಿ ಎಲ್ಲಿ, ದುಡಿಮೆ ಎಷ್ಟು?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬೀಳುತ್ತಿದ್ದಂತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಚರ್ಚೆಗೆ ಬರುವ ಕೋರ್ಸ್‌ಗಳ ಪಟ್ಟಿ ಬಹುತೇಕ ಒಂದೇ: ಎಂಜಿನಿಯರಿಂಗ್, ವೈದ್ಯಕೀಯ, ಆಯುರ್ವೇದ, ನರ್ಸಿಂಗ್, ಬಿ.ಕಾಂ. ಜೊತೆಗೆ ಸಿ.ಎ. ಕಲಾ ವಿಭಾಗದವರಾದರೆ ಬಿ.ಎ., ಅನಂತರ ಬಿ.ಎಡ್. ವಿದೇಶಿ ಭಾಷೆಯೊಂದನ್ನೇ ಪ್ರಧಾನ ವಿಷಯವಾಗಿ ಮೂರು ವರ್ಷ ಓದುವ ಪದವಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಮನೆಯ ಮಗಳೊಬ್ಬಳು ಸ್ಪ್ಯಾನಿಷ್‌ನಲ್ಲಿ ಬಿ.ಎ. ಮಾಡುತ್ತೇನೆ ಎಂದರೆ ಹಿರಿಯರು ಕೇಳುವ ಮೊದಲ ಮಾತು, "ಅದನ್ನು ಕಲಿತು ಮಾಡುವುದೇನು?" ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಜಾಹೀರಾತುಗಳು ಕೊಡುವ ಉತ್ತರಕ್ಕಿಂತ ಸ್ವಲ್ಪ ಹೆಚ್ಚು ಪ್ರಾಮಾಣಿಕವಾದ ಉತ್ತರ ಅದಕ್ಕೆ ಸಲ್ಲಬೇಕು.

ಮೊದಲು ಭಾಷೆಯ ವ್ಯಾಪ್ತಿಯನ್ನು ಗಮನಿಸಬಹುದು. ಸ್ಪೇನ್ ದೇಶದ ಜೊತೆಗೆ ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಹಬ್ಬಿದ ಹಲವು ದೇಶಗಳು, ಆಫ್ರಿಕಾದ ಈಕ್ವಟೋರಿಯಲ್ ಗಿನಿ ಸೇರಿ ಒಟ್ಟು 20 ರಾಷ್ಟ್ರಗಳಲ್ಲಿ ಸ್ಪ್ಯಾನಿಷ್ ಆಡಳಿತ ಭಾಷೆ. ಸುಮಾರು 50 ಕೋಟಿ ಜನರಿಗೆ ಇದು ಮಾತೃಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಆದರೆ ಭಾಷೆ ದೊಡ್ಡದು ಎಂಬ ಮಾತ್ರಕ್ಕೆ ಅದನ್ನು ಕಲಿತ ಪ್ರತಿಯೊಬ್ಬರಿಗೂ ಉದ್ಯೋಗ ಕಾದಿದೆ ಎಂದಲ್ಲ.

ಊರು ಬಿಡುವುದು ಅನಿವಾರ್ಯ

ಈ ಮೂರು ತಾಲೂಕುಗಳಲ್ಲಿ ಕಾಲೇಜುಗಳಿಗೆ ಬರವಿಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜು, ಮೂಡುಬಿದಿರೆಯ ಆಳ್ವಾಸ್, ಬಂಟ್ವಾಳದ ಎಸ್‌ವಿಎಸ್ ಕಾಲೇಜುಗಳಿಗೆ ಹೊರಜಿಲ್ಲೆಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಆದರೂ ಸ್ಪ್ಯಾನಿಷನ್ನು ಪದವಿಯ ಪ್ರಧಾನ ವಿಷಯವಾಗಿ ಓದಬೇಕಾದರೆ ಊರು ಬಿಡಲೇಬೇಕು. ಬೆಂಗಳೂರಿನಲ್ಲಿ ಸರ್ಟಿಫಿಕೇಟ್ ಹಾಗೂ ಡಿಪ್ಲೊಮಾ ಮಟ್ಟದ ಶಿಕ್ಷಣ ದೊರೆಯುತ್ತದೆ. ಪೂರ್ಣ ಪದವಿಗೆ ಹೆಸರಾದ ವಿಭಾಗಗಳು ಇರುವುದು ರಾಜ್ಯದ ಹೊರಗೆ.

ನಮಗೆ ಸಮೀಪದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷಾ ವಿಶ್ವವಿದ್ಯಾನಿಲಯ. 1958ರಲ್ಲಿ ಇಂಗ್ಲಿಷ್ ಬೋಧನೆಗೆಂದು ಸ್ಥಾಪನೆಯಾದ ಈ ಸಂಸ್ಥೆ, ಮುಂದೆ ಇತರ ವಿದೇಶಿ ಭಾಷೆಗಳನ್ನೂ ಸೇರಿಸಿಕೊಂಡು 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಲ್ಯಾಟಿನ್ ಅಮೆರಿಕ ಅಧ್ಯಯನಕ್ಕೆ ಮೀಸಲಾದ ಕೇಂದ್ರವೇ ಇದೆ. ದೆಹಲಿ ವಿಶ್ವವಿದ್ಯಾನಿಲಯ, ಜಾಮಿಯಾ ಮಿಲಿಯಾ ಇಸ್ಲಾಮಿಯಾ, ಡೆಹರಾಡೂನಿನ ದೂನ್ ವಿಶ್ವವಿದ್ಯಾನಿಲಯಗಳಲ್ಲಿಯೂ ಸ್ಪ್ಯಾನಿಷ್ ಪದವಿ ವ್ಯಾಸಂಗಕ್ಕೆ ಅವಕಾಶವಿದೆ. ಭಾಷೆಯ ಒಂದಕ್ಷರವೂ ತಿಳಿಯದವರು ಜೆಎನ್‌ಯು ಪದವಿಗೆ ಸೇರಬಹುದು. ಅಲ್ಲಿ ಪಾಠ ವರ್ಣಮಾಲೆಯಿಂದಲೇ ಆರಂಭ. ಇವೆಲ್ಲ ಸರಕಾರಿ ವಿಶ್ವವಿದ್ಯಾನಿಲಯಗಳಾದ್ದರಿಂದ ಬೋಧನಾ ಶುಲ್ಕ ಖಾಸಗಿ ಎಂಜಿನಿಯರಿಂಗ್ ಸೀಟಿನ ಹತ್ತಿರಕ್ಕೂ ಬಾರದು. ಖರ್ಚು ಇರುವುದು ಊಟ, ವಸತಿ, ಪ್ರಯಾಣದಲ್ಲಿ. ಹಾಸ್ಟೆಲ್ ಸಿಗುವ ಮೊದಲು ಹೊರಗೆ ಕೊಠಡಿ ಹಿಡಿಯಬೇಕಾಗಿ ಬರಬಹುದು ಎಂಬುದನ್ನು ಪೋಷಕರು ಲೆಕ್ಕಕ್ಕೆ ಹಿಡಿಯುವುದು ಒಳಿತು.

ಮೂರು ವರ್ಷ ಬರೀ ಮಾತು ಕಲಿಯುವುದೇ ಎಂಬ ಸಂಶಯ ಸಹಜ. ಅಲ್ಲ. ಮೊದಲ ವರ್ಷ ವ್ಯಾಕರಣ ಮತ್ತು ಸಂಭಾಷಣೆಗೆ ಹೆಚ್ಚು ಒತ್ತು. ಮುಂದೆ ಸ್ಪೇನ್ ಹಾಗೂ ಲ್ಯಾಟಿನ್ ಅಮೆರಿಕದ ಚರಿತ್ರೆ, ಸಾಹಿತ್ಯ, ಸಮಾಜ, ಅನುವಾದ. ಸರ್ಟಿಫಿಕೇಟ್ ಕೋರ್ಸ್‌ಗೂ ಪದವಿಗೂ ಇರುವ ಅಂತರ ಇಲ್ಲಿಯೇ. ಮೊದಲನೆಯದು ಒಂದು ಕೌಶಲ, ಎರಡನೆಯದು ಒಂದು ಶಾಸ್ತ್ರ. ಭಾಷೆಯನ್ನು ಬಳಸಿದರೆ ಸಾಕು ಎನ್ನುವವರಿಗೆ ಮೊದಲನೆಯದೇ ಸಾಕು. ಅದಕ್ಕಾಗಿ ಮೂರು ವರ್ಷ ವ್ಯಯಿಸಬೇಕಾಗಿಲ್ಲ.

ಕನ್ನಡ ಬಲ್ಲವರಿಗೆ ಇರುವ ಅನುಕೂಲ

ಬೆಳ್ತಂಗಡಿಯ ಹುಡುಗನೊಬ್ಬ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಪಠ್ಯದಲ್ಲಿ ಇಂಗ್ಲಿಷ್ ಮತ್ತು ಹಿಂದಿ ಬಳಸುತ್ತ ಬೆಳೆದಿರುತ್ತಾನೆ. ಒಂದೇ ಭಾಷೆಯಲ್ಲಿ ಬೆಳೆದವನಿಗೆ ಈ ಅಭ್ಯಾಸ ಇರುವುದಿಲ್ಲ. ಸ್ಪ್ಯಾನಿಷ್ ವಿಷಯದಲ್ಲಿ ಇನ್ನೂ ಕೆಲವು ಅನುಕೂಲಗಳಿವೆ. ಇವುಗಳ ಕುರಿತು ಚರ್ಚೆ ನಡೆದದ್ದು ಕಡಿಮೆ.

ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ ಗಳಿಗೆ ಹತ್ತಿರ. ಅವರ 'ತ' ಮತ್ತು 'ದ' ಇಂಗ್ಲಿಷಿನಂತೆ ನಾಲಗೆಯನ್ನು ಮೇಲೆತ್ತಿ ನುಡಿಯುವ 'ಟ', 'ಡ' ಅಲ್ಲ, ಕನ್ನಡದ ದಂತ್ಯಗಳೇ. ಇಂಗ್ಲಿಷ್ ಮಾತೃಭಾಷೆಯವರು ಕಷ್ಟಪಟ್ಟು ಕಲಿಯುವ 'ಞ' ಧ್ವನಿ ನಮ್ಮ ವರ್ಣಮಾಲೆಯಲ್ಲೇ ಕುಳಿತಿದೆ. ನಾವು ಅದನ್ನು ಬಳಸುವುದು ಅಪರೂಪವಾದರೂ ಮಲಯಾಳದ 'ಞಾನ್' ಕೇಳಿದವರಿಗೆ ಸ್ಪ್ಯಾನಿಷ್‌ನ 'ಮಞಾನಾ', ಅಂದರೆ ನಾಳೆ, ಕಷ್ಟವಾಗದು. ಬರೆದಂತೆ ಓದುವ ಭಾಷೆ ಎಂಬುದೂ ಬಹುಮಟ್ಟಿಗೆ ನಿಜ. 'ರ' ಕಾರದಲ್ಲಿ ಮಾತ್ರ ಎಚ್ಚರ ಬೇಕು. 'ಪೆರೊ' ಎಂದರೆ ಆದರೆ. ನಾಲಗೆ ಕಂಪಿಸಿ 'ಪೆರ್ರೊ' ಎಂದರೆ ನಾಯಿ.

ವಾಕ್ಯರಚನೆಯಲ್ಲಿನ ಸಾಮ್ಯ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ 'ಹೋಗುತ್ತೇನೆ' ಎಂದರೆ ಸಾಕು, 'ನಾನು' ಬೇಕಾಗಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. 'ನೀನು', 'ನೀವು' ಎಂಬ ಮರ್ಯಾದೆಯ ಭೇದ ಅಲ್ಲಿ 'ತು', 'ಉಸ್ತೆದ್' ಆಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, 'ನನಗೆ ಕಾಫಿ ಇಷ್ಟ' ಎಂಬ ನಮ್ಮ ಚತುರ್ಥಿ ವಿಭಕ್ತಿಯ ವಾಕ್ಯ. ಇಂಗ್ಲಿಷಿನಲ್ಲಿ ಇಷ್ಟಪಡುವವನೇ ಕರ್ತೃ. ಸ್ಪ್ಯಾನಿಷ್‌ನ 'ಮೆ ಗುಸ್ತಾ ಎಲ್ ಕಾಫೆ' ಯಲ್ಲಿ ಕನ್ನಡದಂತೆಯೇ ಕಾಫಿ ಕರ್ತೃ, 'ಮೆ' ಎಂದರೆ 'ನನಗೆ'. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಎಡವುತ್ತಾರೆ. ಕನ್ನಡದಲ್ಲಿ ಯೋಚಿಸಿದವರಿಗೆ ಇದು ಮನೆಯ ಮಾತು. ನಮ್ಮ ಮಕ್ಕಳಿಗೆ ಸ್ಪ್ಯಾನಿಷನ್ನು ಇಂಗ್ಲಿಷ್ ಪುಸ್ತಕಗಳಿಂದಲೇ ಕಲಿಸುವಾಗ ಈ ಅನುಕೂಲವನ್ನು ಕೈಯಾರೆ ಬಿಟ್ಟುಕೊಡುತ್ತಿದ್ದೇವೆ ಎಂದು ಈ ಲೇಖಕನಿಗೆ ಅನಿಸುತ್ತದೆ.

ತೊಡಕುಗಳೂ ಇವೆ. ಸ್ಪ್ಯಾನಿಷ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ನಿರ್ಜೀವ ವಸ್ತುಗಳೆಲ್ಲ ನಪುಂಸಕವಾಗಿರುವ ಕನ್ನಡ, ತುಳುವಿನವರಿಗೆ ಇದು ಬಾಯಿಪಾಠದ ಕೆಲಸ. ವಸ್ತುಗಳಿಗೂ ಲಿಂಗಭೇದವಿರುವ ಕೊಂಕಣಿ ಮನೆಮಾತಿನವರಿಗೆ ಅಷ್ಟು ಹೊಸತಲ್ಲ. 'ಇರು' ಎಂಬ ಅರ್ಥಕ್ಕೆ ಎರಡು ಕ್ರಿಯಾಪದಗಳು, ಸಂಶಯ ಮತ್ತು ಆಶಯಗಳಿಗೆ ಪ್ರತ್ಯೇಕ ಕ್ರಿಯಾರೂಪಗಳು ಎರಡನೆಯ ವರ್ಷದಲ್ಲಿಯೂ ಕಾಡುತ್ತವೆ.

ಬಂಗ, ಚೌಟರ ಕಥೆ ಇರುವ ಕಾಗದಗಳು

ಈ ಪ್ರದೇಶದ ವಿದ್ಯಾರ್ಥಿಗೆ ಈ ಭಾಷೆಗಳನ್ನು ಕಲಿಯಲು ಉದ್ಯೋಗವನ್ನು ಮೀರಿದ ಒಂದು ಕಾರಣವೂ ಇದೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ವಂಶದವಳು. ಆ ವಂಶದ ರಾಜಧಾನಿ ಮೂಡುಬಿದಿರೆ ಸೀಮೆಯ ಪುತ್ತಿಗೆ. ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ಇಂದಿಗೂ ಕಾಣಬಹುದು. ಅಬ್ಬಕ್ಕನ ಕಥೆಯಲ್ಲಿ ಎದುರಾಳಿಗಳಾಗಿ ಬರುವ ಬಂಗರಸರ ನೆಲೆಗಳು ಬೆಳ್ತಂಗಡಿಯ ಬಂಗಾಡಿ ಮತ್ತು ಬಂಟ್ವಾಳದ ನಂದಾವರ. 1623ರಲ್ಲಿ ಕರಾವಳಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು, ಆಕೆಗೂ ಪತಿಯಾಗಿದ್ದ ಬಂಗರಸನಿಗೂ ನಡೆದ ವಿರಸವನ್ನು ದಾಖಲಿಸಿದ್ದಾನೆ. ಆ ಜಗಳದಲ್ಲಿ ಪೋರ್ಚುಗೀಸರು ಬಂಗರಸನ ಪಕ್ಷ, ಕೆಳದಿಯ ವೆಂಕಟಪ್ಪ ನಾಯಕ ರಾಣಿಯ ಪಕ್ಷ.

ಓದುಗರು ಗಮನಿಸಬೇಕಾದ ಒಂದು ಸಂಗತಿ: 1580ರಿಂದ 1640ರವರೆಗೆ ಪೋರ್ಚುಗಲ್ ಮತ್ತು ಸ್ಪೇನ್ ಒಬ್ಬನೇ ದೊರೆಯ ಅಧೀನದಲ್ಲಿದ್ದವು. ಹೀಗಾಗಿ ಆ ಕಾಲದ ಪೋರ್ಚುಗೀಸ್ ಆಡಳಿತಕ್ಕೆ ಸಂಬಂಧಿಸಿದ ಕಾಗದಪತ್ರಗಳು ಗೋವಾ ಮತ್ತು ಲಿಸ್ಬನ್‌ನಲ್ಲಿ ಮಾತ್ರವಲ್ಲದೆ ಸ್ಪೇನ್‌ನ ಸಿಮಾಂಕಾಸ್ ದಾಖಲೆ ಭಂಡಾರದಲ್ಲಿಯೂ ಇವೆ. ಬಿ.ಎಸ್. ಶಾಸ್ತ್ರಿ ಅವರು ಗೋವಾ ಮತ್ತು ಕೆನರಾ ನಡುವಣ ಪೋರ್ಚುಗೀಸ್ ಕಾಲದ ಸಂಬಂಧಗಳ ಕುರಿತು ಬರೆದ ಕೃತಿ 2000ದಲ್ಲಿ ಪ್ರಕಟವಾಗಿದೆ. ಅಂಥ ಸಂಶೋಧನೆಯನ್ನು ಮುಂದುವರಿಸುವವರು ಬೇಕು. ಬಂಟ್ವಾಳದಲ್ಲಿ ರಾಣಿ ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರವೇ ಇದೆ. ಶತ್ರುಪಕ್ಷದ ಕಾಗದಗಳನ್ನು ಮೂಲದಲ್ಲಿ ಓದಬಲ್ಲ ತರುಣರು ಮಾತ್ರ ವಿರಳ. ಸ್ಪ್ಯಾನಿಷ್ ಬಲ್ಲವರಿಗೆ ಪೋರ್ಚುಗೀಸ್ ಓದುವುದು ಹೆಚ್ಚು ಶ್ರಮದ ಕೆಲಸವಲ್ಲ. ನಮ್ಮ ಮಾತಿನಲ್ಲಿ ಉಳಿದಿರುವ ಚಾವಿ, ಪಾದ್ರಿ, ಬಾಲ್ದಿ, ಪಗಾರ ಇವೆಲ್ಲ ಪೋರ್ಚುಗೀಸಿನಿಂದ ಬಂದವು. ಸ್ಪ್ಯಾನಿಷ್‌ನಲ್ಲಿ ಇವುಗಳ ಒಡಹುಟ್ಟಿದ ಪದಗಳಿವೆ.

ಸಾಹಿತ್ಯಾನುವಾದವೂ ಇಂಥದೇ ಖಾಲಿ ಹೊಲ. ಮಾರ್ಕ್ವೆಜ್, ನೆರೂಡ, ಲೋರ್ಕಾ ಕನ್ನಡದ ಓದುಗರಿಗೆ ಅಪರಿಚಿತರಲ್ಲ. ಆದರೆ ಅವರು ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷ್ ಬಾಗಿಲಿನಿಂದ. ಇದರಿಂದ ಹೊಟ್ಟೆ ತುಂಬುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಉದ್ಯೋಗದ ಮಾತು

ಸ್ಪ್ಯಾನಿಷ್ ಪದವೀಧರರಿಗೆ ಹೆಚ್ಚಿನ ಕೆಲಸಗಳಿರುವುದು ಬೆಂಗಳೂರು, ಹೈದರಾಬಾದ್, ದೆಹಲಿ ಸುತ್ತಮುತ್ತಲಿನ ಕಂಪೆನಿಗಳಲ್ಲಿ. ಟಿಸಿಎಸ್ 2002ರಲ್ಲಿಯೇ ಉರುಗ್ವೆಯ ಮೊಂಟೆವಿಡಿಯೊದಲ್ಲಿ, ಇನ್ಫೊಸಿಸ್ 2007ರಲ್ಲಿ ಮೆಕ್ಸಿಕೊದ ಮೊಂತೆರ್ರೇಯಲ್ಲಿ ಕೇಂದ್ರ ತೆರೆದವು. ಲ್ಯಾಟಿನ್ ಅಮೆರಿಕದ ಗ್ರಾಹಕರ ಲೆಕ್ಕಪತ್ರ, ಬಿಲ್ ಪಾವತಿ, ತಾಂತ್ರಿಕ ನೆರವು, ಔಷಧ ರಫ್ತಿಗೆ ಬೇಕಾದ ಅನುಮತಿ ದಾಖಲೆಗಳು, ಇವುಗಳಿಗೆ ಭಾಷೆ ಬಲ್ಲವರು ಬೇಕು. ಆದರೆ ಇಲ್ಲಿ ಭಾಷೆ ಅರ್ಧ ಅರ್ಹತೆ. ಲೆಕ್ಕಶಾಸ್ತ್ರ ಗೊತ್ತಿರುವ ಸ್ಪ್ಯಾನಿಷ್ ಪದವೀಧರನಿಗೂ ಬರೀ ಸ್ಪ್ಯಾನಿಷ್ ಗೊತ್ತಿರುವವನಿಗೂ ಸಂದರ್ಶನದಲ್ಲಿ ದೊರೆಯುವ ಗಮನ ಒಂದೇ ಅಲ್ಲ. ಕೆಲವು ಹುದ್ದೆಗಳಲ್ಲಿ ರಾತ್ರಿ ಪಾಳಿ ತಪ್ಪಿದ್ದಲ್ಲ. ಮೆಕ್ಸಿಕೊದಲ್ಲಿ ಕಚೇರಿ ತೆರೆಯುವಾಗ ನಮ್ಮಲ್ಲಿ ರಾತ್ರಿ.

ಬೋಧನೆ ಎರಡನೆಯ ಕ್ಷೇತ್ರ. ಅಂತಾರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು ಸ್ಪ್ಯಾನಿಷ್ ಶಿಕ್ಷಕರನ್ನು ನೇಮಿಸಿಕೊಳ್ಳುತ್ತವೆ. ಕಾಲೇಜು ಮಟ್ಟಕ್ಕೆ ಎಂ.ಎ. ಮತ್ತು ನೆಟ್ ಅಗತ್ಯ. ಯುಜಿಸಿ ನೆಟ್ ವಿಷಯಗಳಲ್ಲಿ ಸ್ಪ್ಯಾನಿಷ್ ಕೂಡ ಇದೆ. ವಿದೇಶಾಂಗ ಸಚಿವಾಲಯದ ದುಭಾಷಿ ಹುದ್ದೆಗಳು ಗೌರವದವು, ಸಂಖ್ಯೆ ಅತ್ಯಲ್ಪ. ವಿದೇಶಾಂಗ ಸೇವೆಗೆ ಆಯ್ಕೆಯಾದವರು ಒಂದು ವಿದೇಶಿ ಭಾಷೆ ಕಲಿಯುವುದು ಕಡ್ಡಾಯ. ಆದರೆ ಆಯ್ಕೆ ಸಿವಿಲ್ ಸರ್ವಿಸಸ್ ಪರೀಕ್ಷೆಯಿಂದಲೇ ಹೊರತು ಭಾಷಾ ಪದವಿಯಿಂದಲ್ಲ.

ನಮ್ಮ ಜಿಲ್ಲೆಯ ವ್ಯಾಪಾರಕ್ಕೆ ಇದು ಎಷ್ಟು ಉಪಯುಕ್ತ? ಬೊಂಡಾಸ್, ಕಪ್ಪೆಬೊಂಡಾಸ್ ಮೀನುಗಳಿಗೆ ಯುರೋಪಿನಲ್ಲಿ ಸ್ಪೇನ್ ಪ್ರಮುಖ ಮಾರುಕಟ್ಟೆ. ಮೀನು ರಫ್ತಿನವರಿಗೆ ಈ ಭಾಷೆ ನೆರವಾದೀತು. ಗೇರು ಉದ್ಯಮದ ಮಾತು ಬೇರೆ. ಕಾರ್ಖಾನೆಗಳಿಗೆ ಕಚ್ಚಾ ಗೇರುಬೀಜ ಬರುವ ಐವರಿ ಕೋಸ್ಟ್, ಬೆನಿನ್ ದೇಶಗಳಲ್ಲಿ ಫ್ರೆಂಚ್, ಗಿನಿ ಬಿಸ್ಸಾವುದಲ್ಲಿ ಪೋರ್ಚುಗೀಸ್. ಗೇರು ವ್ಯಾಪಾರಿಯ ಮಗ ಸ್ಪ್ಯಾನಿಷ್ ಬದಲು ಫ್ರೆಂಚ್ ಕಲಿತರೆ ಜಾಣತನ. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೊ ಸಾಂಚೆಜ್ ವಡೋದರಾಕ್ಕೆ ಬಂದು ಟಾಟಾ ಮತ್ತು ಏರ್‌ಬಸ್‌ನ ಸಿ-295 ವಿಮಾನ ಘಟಕದ ಉದ್ಘಾಟನೆಯಲ್ಲಿ ಪಾಲ್ಗೊಂಡರು. ಬೆಂಗಳೂರಿನಲ್ಲಿ ಸ್ಪೇನ್ ಕಾನ್ಸುಲೇಟ್ ತೆರೆಯುವ ನಿರ್ಧಾರವೂ ಆಗ ಜಂಟಿ ಹೇಳಿಕೆಯಲ್ಲಿ ಸೇರಿತ್ತು. ಇವು ಶುಭಸೂಚನೆಗಳು, ನೇಮಕಾತಿ ಆದೇಶಗಳಲ್ಲ.

ಇನ್ನು ಯಂತ್ರಾನುವಾದ. ಸಾಧಾರಣ ಪತ್ರ, ಕೈಪಿಡಿಗಳ ಅನುವಾದವನ್ನು ಕಂಪ್ಯೂಟರ್ ಈಗ ಕ್ಷಣದಲ್ಲಿ ಮಾಡಿಕೊಡುತ್ತದೆ. ಪುಟಕ್ಕಿಷ್ಟು ಎಂದು ದುಡ್ಡು ಪಡೆಯುತ್ತಿದ್ದ ಅನುವಾದಕರ ಕೆಲಸಕ್ಕೆ ಇದರಿಂದ ಪೆಟ್ಟು ಬಿದ್ದಿದೆ, ಅದನ್ನು ಮುಚ್ಚಿಡುವುದು ತರವಲ್ಲ. ಉಳಿಯುವುದು ತಪ್ಪಾದರೆ ಹೊಣೆ ಹೊರಬೇಕಾದ ಕೆಲಸಗಳು: ಕಾನೂನು ಒಪ್ಪಂದ, ಔಷಧದ ದಾಖಲೆ, ಮುಖಾಮುಖಿ ಮಾತುಕತೆಯ ದುಭಾಷಿತ್ವ, ಹಾಗೂ ಯಂತ್ರ ಮಾಡಿದ್ದನ್ನು ತಿದ್ದುವ ಕೆಲಸ. ಇವಕ್ಕೆ ಆರು ತಿಂಗಳ ಕೋರ್ಸ್‌ನ ಜ್ಞಾನ ಸಾಲದು. ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಯಂತ್ರ ಬಂದ ಮೇಲೆ ಅರೆಬರೆ ಕಲಿಕೆಯ ಬೆಲೆ ಇಳಿದು, ಆಳವಾದ ಪದವಿಯ ಬೆಲೆ ಉಳಿದಿದೆ.

ಆದ್ದರಿಂದ ಸಾಹಿತ್ಯ ಅಥವಾ ಇತಿಹಾಸದಲ್ಲಿ ನಿಜವಾದ ಒಲವಿದ್ದು, ಜೊತೆಗೆ ವಾಣಿಜ್ಯವೋ ಕಂಪ್ಯೂಟರೋ ಕಾನೂನೋ ಇನ್ನೊಂದು ವಿದ್ಯೆಯನ್ನು ಹಿಡಿಯುವ ಮನಸ್ಸಿರುವವರು ಧೈರ್ಯವಾಗಿ ಈ ಪದವಿಗೆ ಹೋಗಬಹುದು. ಎಂಜಿನಿಯರಿಂಗ್ ಬೇಡ ಎಂಬ ಒಂದೇ ಕಾರಣಕ್ಕೆ ಹೋಗುವವರು ಎರಡು ಬಾರಿ ಯೋಚಿಸಲಿ. ಊರು ಬಿಡಲಾಗದವರು ಬಿ.ಕಾಂ. ಅಥವಾ ಬಿ.ಎ. ಓದುತ್ತಲೇ ಆನ್‌ಲೈನ್ ತರಗತಿಗಳ ಮೂಲಕ ಕಲಿತು 'ಡೆಲೆ' ಪರೀಕ್ಷೆ ಬರೆಯಬಹುದು. 1991ರಲ್ಲಿ ಸ್ಥಾಪನೆಯಾದ ಸ್ಪೇನ್‌ನ ಸೆರ್ವಾಂತೆಸ್ ಸಂಸ್ಥೆ ನಡೆಸುವ ಈ ಪರೀಕ್ಷೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಉದ್ಯೋಗದ ದೃಷ್ಟಿಯಿಂದ ಬಿ2ಕ್ಕಿಂತ ಕೆಳಗಿನ ಪ್ರಮಾಣಪತ್ರಕ್ಕೆ ಹೆಚ್ಚಿನ ತೂಕವಿಲ್ಲ.

ಪದವಿಗೇ ಹೋಗುವವರು ಪಿಯುಸಿ ಫಲಿತಾಂಶಕ್ಕೆ ಕಾಯುತ್ತ ಕುಳಿತರೆ ತಡವಾಗುತ್ತದೆ. ಜೆಎನ್‌ಯು, ದೆಹಲಿ ವಿಶ್ವವಿದ್ಯಾನಿಲಯಗಳು 2022ರಿಂದ ಪದವಿ ಪ್ರವೇಶಕ್ಕೆ ಸಿಯುಇಟಿ ಅಂಕಗಳನ್ನು ಪರಿಗಣಿಸುತ್ತಿವೆ. ಅದರ ಅರ್ಜಿ ಸಾಮಾನ್ಯವಾಗಿ ಫಲಿತಾಂಶಕ್ಕೆ ಮೊದಲೇ, ವರ್ಷದ ಆರಂಭದ ತಿಂಗಳುಗಳಲ್ಲಿ ತೆರೆದು ಮುಚ್ಚುತ್ತದೆ. ಯಾವ ಪತ್ರಿಕೆಗಳನ್ನು ಬರೆಯಬೇಕೆಂಬುದು ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಬೇರೆಯಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಅರ್ಜಿ ತುಂಬಬೇಕು.