ಸರಂಧ್ರ ವಸ್ತುವಿನ ಸ್ವಭಾವ: ಎರೆ ನೆಲವೂ ಕೆಂಪು ನೆಲವೂ

ಶಿಲೆ, ಮಣ್ಣು, ಎಲುಬು, ಇದ್ದಿಲು ಮೊದಲಾದ ಪದಾರ್ಥಗಳನ್ನು ವರ್ಣಿಸುವ ವಿಜ್ಞಾನಗ್ರಂಥಗಳಲ್ಲಿ ‘ಪೋರಸ್’ ಎಂಬ ಇಂಗ್ಲಿಷ್ ವಿಶೇಷಣವು ಪದೇ ಪದೇ ಎದುರಾಗುತ್ತದೆ. ಕನ್ನಡದಲ್ಲಿ ಅದನ್ನು ‘ಸರಂಧ್ರ’ ಎನ್ನುವುದು ರೂಢಿ. ಒಡಲೊಳಗೆ ಸೂಕ್ಷ್ಮವಾದ ರಂಧ್ರಗಳನ್ನುಳ್ಳದ್ದು ಎಂಬಿಷ್ಟೇ ಅದರ ಅರ್ಥ. ಆದರೆ ರಂಧ್ರಗಳಿರುವಲ್ಲಿ ನೀರು ಸರಾಗವಾಗಿ ಹರಿದೇ ತೀರಬೇಕೆಂದು ನಾವು ಸಹಜವಾಗಿ ಭಾವಿಸಿಬಿಡುತ್ತೇವೆ. ಈ ಭಾವನೆಯು ಎಷ್ಟು ಅಪೂರ್ಣವಾದುದೆಂಬುದನ್ನು ಅರಿಯಬೇಕಾದರೆ, ಕಲಬುರಗಿ ನಗರದಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರದವರೆಗೆ ಇಕ್ಕೆಲದ ಹೊಲಗಳ ಮಣ್ಣನ್ನು ನೋಡುತ್ತ ಹೋದರೆ ಸಾಕು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಪದರ ಪದರವಾಗಿ ಹರಿದ ಲಾವಾರಸವು ಆರಿ ಬಸಾಲ್ಟ್ ಶಿಲೆಯಾಗಿ, ಆ ಶಿಲೆಯು ಮಳೆ ಬಿಸಿಲುಗಳಿಗೆ ಸಿಕ್ಕಿ ಶಿಥಿಲಗೊಂಡು ಉಂಟಾದುದೇ ಕಲಬುರಗಿಯ ಸುತ್ತಣ ಕಪ್ಪು ಎರೆ ಭೂಮಿ. ಇದರ ಬಹುಭಾಗವು ಜೇಡಿ. ಜೇಡಿಯ ಕಣವೊಂದರ ಅಗಲ ಒಂದು ಮಿಲಿಮೀಟರಿನ 500ನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮರಳಿನ ಗಾತ್ರದಲ್ಲಿ ನೂರಕ್ಕೆ 35ರಿಂದ 40 ಪಾಲು ಬರಿಯ ಅವಕಾಶವಾಗಿದ್ದರೆ, ಜೇಡಿಯಲ್ಲಿ ಅದು ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಲೆಕ್ಕ ಹಿಡಿದು ನೋಡಿದರೆ ಜೇಡಿಯೇ ಮರಳಿಗಿಂತ ಹೆಚ್ಚು ಸರಂಧ್ರವಾದುದು. ಹೀಗಿದ್ದೂ ಮರಳಿನ ಮೇಲೆ ಸುರಿದ ನೀರು ಕ್ಷಣಾರ್ಧದಲ್ಲಿ ಇಂಗಿಹೋಗುತ್ತದೆ. ಮಳೆಯುಂಡ ಎರೆ ಹೊಲದಲ್ಲಿಯಾದರೋ ನೀರು ದಿನಗಟ್ಟಲೆ ನಿಲ್ಲುತ್ತದೆ.

ಇದಕ್ಕೆ ಕಾರಣವು ರಂಧ್ರಗಳ ಒಟ್ಟು ಪ್ರಮಾಣದಲ್ಲಿಲ್ಲ, ಒಂದೊಂದು ರಂಧ್ರದ ಅಗಲದಲ್ಲಿದೆ. ಸಣ್ಣ ನಳಿಕೆಯೊಂದರ ತ್ರಿಜ್ಯವು ಅರ್ಧಕ್ಕಿಳಿದರೆ ಅದೇ ಒತ್ತಡದಲ್ಲಿ ಅದರೊಳಗೆ ಹರಿಯುವ ನೀರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫ್ರಾನ್ಸಿನ ದಿಜೋನ್ ನಗರದ ನೀರಿನ ಸರಬರಾಜಿಗಾಗಿ ಶ್ರಮಿಸಿದ ಆನ್ರಿ ಡಾರ್ಸಿ ಎಂಬ ಎಂಜಿನಿಯರನು, ಮರಳು ತುಂಬಿದ ಸ್ತಂಭದೊಳಗೆ ನೀರನ್ನು ಹಾಯಿಸಿ, ಅದರ ಹರಿವಿನ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ವಸ್ತುವಿನಲ್ಲಿ ಎಷ್ಟು ಅವಕಾಶವಿದೆಯೆಂಬುದು ಅದರ ಸರಂಧ್ರತೆ. ಅದರ ಮೂಲಕ ದ್ರವವು ಎಷ್ಟು ಸುಲಭವಾಗಿ ಹಾಯಬಲ್ಲುದೆಂಬುದು ಪಾರಗಮ್ಯತೆ. ಇವೆರಡೂ ಬೇರೆ ಬೇರೆ ಗುಣಗಳು.

ಎರೆ ಮಣ್ಣಿನಲ್ಲಿ ಇನ್ನೊಂದು ವಿಶೇಷವುಂಟು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ತನ್ನ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ವೈಶಾಖದ ಬಿಸಿಲಿನಲ್ಲಿ ಕಲಬುರಗಿಯ ಹೊಲದೊಳಗೆ ನಿಂತು ನೋಡಿದರೆ, ಕೈ ತೂರುವಷ್ಟು ಅಗಲವಾದ ಬಿರುಕುಗಳು ನೆಲವನ್ನು ಬಹುಕೋನಗಳಾಗಿ ಸೀಳಿರುವುದು ಕಾಣುತ್ತದೆ. ಮೊದಲ ಮಳೆಯ ನೀರು ಈ ಬಿರುಕುಗಳಲ್ಲಿ ನೇರವಾಗಿ ಆಳಕ್ಕಿಳಿಯುತ್ತದೆ. ಮಣ್ಣು ನೆನೆದು ಉಬ್ಬಿದೊಡನೆ ಬಿರುಕುಗಳು ಮುಚ್ಚಿಕೊಂಡು, ನೆಲವು ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುತ್ತದೆ. ಒಳಸೇರಿದ ತೇವವನ್ನು ಸೂಕ್ಷ್ಮರಂಧ್ರಗಳು ಬಹುಕಾಲ ಹಿಡಿದಿಡುವುದರಿಂದಲೇ ಹಿಂಗಾರಿನ ಬಿಳಿಜೋಳವು ಮಳೆ ನಿಂತ ಮೇಲೂ ತೆನೆಗಟ್ಟುತ್ತದೆ, ತೊಗರಿಯು ಚಳಿಗಾಲದವರೆಗೆ ನಿಂತು ಕಾಯಾಗುತ್ತದೆ. ಆದರೆ ಅತಿಸೂಕ್ಷ್ಮ ರಂಧ್ರಗಳಲ್ಲಿನ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ, ಬೇರುಗಳು ಅದನ್ನು ಸೆಳೆಯಲಾರವು. ತೇವವಿದ್ದೂ ಪೈರು ಬಾಡುವುದುಂಟು.

ಕಮಲಾಪುರದ ಕೆಂಪು ಮಣ್ಣಿನ ಸ್ವಭಾವವೇ ಬೇರೆ. ಕಬ್ಬಿಣದ ಆಕ್ಸೈಡುಗಳಿಂದ ಕೆಂಪೇರಿದ ಈ ಮಣ್ಣು ಎರೆಯಂತೆ ಉಬ್ಬುವುದಿಲ್ಲ; ಅದರ ಕಣಗಳು ಹರಳುಹರಳಾಗಿ ಕೂಡಿಕೊಂಡು ನಡುವೆ ಅಗಲವಾದ ದಾರಿಗಳನ್ನು ಬಿಡುವುದರಿಂದ ನೀರು ಬೇಗನೆ ಇಳಿಯುತ್ತದೆ, ಅದರ ಹಿಂದೆಯೇ ಗಾಳಿಯೂ ಬೇರಿಗೆ ತಲಪುತ್ತದೆ. ಬಾಳೆಯ ಬೇರು ನಿಂತ ನೀರನ್ನು ಸಹಿಸಲಾರದು. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದಿರುವ ಕಮಲಾಪುರದ ಕೆಂಪು ಬಾಳೆಗೆ ಇಂತಹ ನೆಲವು ಒಗ್ಗಿರುವುದು ಸಹಜವಾಗಿದೆ. ಹಣ್ಣಿನ ಸಿಪ್ಪೆಯ ಕೆಂಪು ಮಾತ್ರ ಮಣ್ಣಿನ ಕಬ್ಬಿಣದಿಂದ ಬಂದುದಲ್ಲ; ಅದು ಆ ತಳಿಯ ಗಿಡವೇ ತಯಾರಿಸುವ ವರ್ಣದ್ರವ್ಯದ ಫಲ. ನೀರನ್ನು ಸುಲಭವಾಗಿ ಬಿಟ್ಟುಕೊಡುವ ಈ ಮಣ್ಣಿಗೆ ಪದೇ ಪದೇ ನೀರೂ ಧಾರಾಳವಾಗಿ ಕೊಟ್ಟಿಗೆ ಗೊಬ್ಬರವೂ ಬೇಕು.

ಶಿಲೆಗಳಿಗೆ ಬಂದರೆ ಮೂರನೆಯದೊಂದು ಸಂಗತಿಯು ಎದುರಾಗುತ್ತದೆ. ಲಾವಾ ಆರುವಾಗ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳಿಂದ ಕೆಲವು ಬಸಾಲ್ಟ್ ಕಲ್ಲುಗಳು ಗೂಡುಗೂಡಾಗಿ ಕಾಣುತ್ತವೆ. ಆದರೂ ಆ ಗೂಡುಗಳು ಒಂದಕ್ಕೊಂದು ಕೂಡದಿದ್ದರೆ ನೀರಿಗೆ ಅಲ್ಲಿ ಹಾದಿಯಿಲ್ಲ. ಇದಕ್ಕೆ ವಿರುದ್ಧವಾಗಿ, ದಟ್ಟವಾದ ಶಹಾಬಾದ್ ಸುಣ್ಣಗಲ್ಲಿನ ಒಡಲಲ್ಲಿ ರಂಧ್ರಗಳು ತೀರ ವಿರಳವಾಗಿದ್ದರೂ, ಅದರ ಪದರಗಳ ನಡುವಣ ಸಂದು ಬಿರುಕುಗಳಲ್ಲಿ ನೀರು ಚಲಿಸಬಲ್ಲುದು.

ಆದುದರಿಂದ ಒಂದು ವಸ್ತುವನ್ನು ಸರಂಧ್ರವೆಂದು ಕರೆದೊಡನೆ, ಅವಕಾಶವೆಷ್ಟು, ರಂಧ್ರದ ಅಗಲವೆಷ್ಟು, ಅವು ಪರಸ್ಪರ ಕೂಡಿವೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಅಗತ್ಯ. ರೈತನ ಕಾಸು ಈ ಪ್ರಶ್ನೆಗಳ ಮೇಲೆ ನಿಂತಿದೆ. ಎರೆ ನೆಲದಲ್ಲಿ ತೋಡಿದ ಕೃಷಿ ಹೊಂಡವು ಬಹುಮಟ್ಟಿಗೆ ತಾನೇ ನೀರು ಹಿಡಿಯುತ್ತದೆ, ಕೆಂಪು ನೆಲದ ಹೊಂಡಕ್ಕೆ ತಳದಲ್ಲಿ ಹೊದಿಕೆ ಬೇಕು. ಅದೇ ಇಂಗು ಗುಂಡಿಯು ಕೆಂಪು ನೆಲದಲ್ಲಿ ಸುಲಭವಾಗಿ ಸಾರ್ಥಕವಾದರೆ, ಎರೆಯಲ್ಲಿ ಜೇಡಿಯ ಪದರವನ್ನು ದಾಟಿ ಕೆಳಗಿನ ಗರಸನ್ನು ಮುಟ್ಟದ ಹೊರತು ಅದರ ನೀರು ಬಿಸಿಲಿನ ಪಾಲಾಗುತ್ತದೆ. ಸಲಿಕೆ ಹಿಡಿಯುವ ಮೊದಲು ಮಣ್ಣಿನ ಗುಣವನ್ನು ಅರಿತವನಿಗೆ ಮಳೆಯ ನೀರೂ ದುಡಿಮೆಯೂ ಎರಡೂ ಉಳಿಯುತ್ತವೆ.